ಮುಖದ ಮೇಲಿನ ನರಹುಲಿ: ಅವಸರದ ಮದ್ದು ಬೇಡ

ಮಗಳ ಮದುವೆಗೆ ಇನ್ನು ಮೂರೇ ವಾರ. ಅವಳ ಗಲ್ಲದ ಮೇಲೆದ್ದಿರುವ ನರಹುಲಿಯದೇ ಮನೆಮಂದಿಗೆಲ್ಲ ಚಿಂತೆ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚು ಎನ್ನುತ್ತಾರೆ ಅಜ್ಜಿ. ಊದುಬತ್ತಿಯ ಕೆಂಡ ಮುಟ್ಟಿಸಿ ಎನ್ನುತ್ತಾರೆ ಪಕ್ಕದ ಮನೆಯವರು. ಅಪ್ಪನ ಅಂಗಾಲಿನ ಆಣಿಗೆಂದು ತಂದ ಔಷಧಿಯೂ ಕಪಾಟಿನಲ್ಲಿದೆ. ಇವುಗಳಲ್ಲಿ ಒಂದನ್ನೂ ಮುಖಕ್ಕೆ ಸೋಕಿಸಬಾರದು. ನರಹುಲಿ ಹೋದರೂ ಸುಟ್ಟ ಕಲೆ ಜೀವನಪರ್ಯಂತ ಉಳಿದೀತು.

ಏಕೆ ಬರುತ್ತದೆ?

ಹೆಸರಿನಲ್ಲಿ ‘ನರ’ ಇದ್ದರೂ ನರಕ್ಕೂ ಇದಕ್ಕೂ ಸಂಬಂಧವಿಲ್ಲ. ರಕ್ತ ಕೆಟ್ಟು ಬರುವುದೂ ಅಲ್ಲ. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ ಚರ್ಮದ ಹೊರಪದರವನ್ನು ಹೊಕ್ಕು, ಅಲ್ಲಿನ ಜೀವಕೋಶಗಳು ಮಿತಿಮೀರಿ ಬೆಳೆಯುವಂತೆ ಮಾಡುತ್ತದೆ. ಈ ವೈರಸ್‌ನಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ.

ಮುಖದ ಮೇಲೆ ಸಾಮಾನ್ಯವಾಗಿ ಎರಡು ರೂಪದ ನರಹುಲಿ ಕಾಣುತ್ತವೆ. ಒಂದು, ಹಣೆ, ಕೆನ್ನೆ, ಗದ್ದದ ಮೇಲೆ ಗುಂಪಾಗಿ ಏಳುವ ಚಪ್ಪಟೆಯಾದ ಸಣ್ಣ ಗುಳ್ಳೆಗಳು. ಇನ್ನೊಂದು, ರೆಪ್ಪೆ, ತುಟಿ, ಮೂಗಿನ ಬಳಿ ಎಳೆಯಂತೆ ಚಾಚಿಕೊಂಡಿರುವಂಥದು. ಕೆರೆದರೆ ಗೀರು ಬಿದ್ದ ಉದ್ದಕ್ಕೂ ಹೊಸ ನರಹುಲಿ ಸಾಲಾಗಿ ಏಳಬಹುದು. ಕ್ಷೌರದ ಬ್ಲೇಡಿನಿಂದಲೂ ಗಡ್ಡದ ಭಾಗದಲ್ಲೆಲ್ಲ ಹರಡುತ್ತದೆ. ಗಂಡಸರು ಆ ಜಾಗದ ಮೇಲೆ ಬ್ಲೇಡು ಆಡಿಸಬಾರದು. ರೇಜರ್, ಟವೆಲ್‌ಗಳನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬಾರದು.

ಮುಖದ ಗಂಟೆಲ್ಲ ನರಹುಲಿಯಲ್ಲ. ಮಚ್ಚೆ ಇರಬಹುದು. ವಯಸ್ಕರ ಕೆನ್ನೆಯ ಮೇಲೆ ವಂಶಪಾರಂಪರ್ಯವಾಗಿ ಬರುವ ಪುಟ್ಟ ಕಪ್ಪು ಗುಳ್ಳೆಗಳಿರಬಹುದು. ಮಕ್ಕಳಲ್ಲಿ ನಡುವೆ ಕುಳಿಯಿರುವ, ಮುತ್ತಿನಂಥ ಗುಳ್ಳೆಗಳು ಬೇರೊಂದು ವೈರಸ್‌ನಿಂದ ಬರುತ್ತವೆ. ಆದ್ದರಿಂದ ಮೊದಲು ಇದು ಏನೆಂದು ಚರ್ಮರೋಗ ತಜ್ಞರಿಂದ ತಿಳಿದುಕೊಳ್ಳಿ.

ತಾನಾಗಿಯೇ ಹೋಗುವುದುಂಟು

ದೇಹದ ರೋಗನಿರೋಧಕ ಶಕ್ತಿ ಈ ವೈರಸ್ಸನ್ನು ಗುರುತಿಸಿದ ಮೇಲೆ ನರಹುಲಿ ತಾನಾಗಿಯೇ ಉದುರುತ್ತದೆ. ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ನರಹುಲಿಗಳು 2 ವರ್ಷದೊಳಗೆ ಮಾಯವಾಗುತ್ತವೆ. ಹರಕೆಗೂ ನಾಟಿ ಮದ್ದಿಗೂ ಸಿಗುವ ಕೀರ್ತಿ ಬಹುಪಾಲು ಇದರಿಂದಲೇ ಬಂದದ್ದು. ಮಗುವಿಗೆ ತೊಂದರೆಯಿಲ್ಲದಿದ್ದರೆ ಕಾಯುವುದೂ ಒಂದು ಚಿಕಿತ್ಸೆಯೇ.

ಚಿಕಿತ್ಸೆ ಏನು?

ಚಪ್ಪಟೆ ನರಹುಲಿಗೆ ರಾತ್ರಿ ಹಚ್ಚುವ ಟ್ರೆಟಿನಾಯಿನ್ ಮುಲಾಮನ್ನು ವೈದ್ಯರು ಬರೆದುಕೊಡಬಹುದು. ಗುಣ ಕಾಣಲು ವಾರಗಳೇ ಬೇಕು. ಗರ್ಭಿಣಿಯರು ಇದನ್ನು ಬಳಸಬಾರದು. ಎಳೆಯಂಥ ನರಹುಲಿಯನ್ನು ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ವಿದ್ಯುತ್ ಶಾಖದಿಂದ ಕೆಲವೇ ನಿಮಿಷಗಳಲ್ಲಿ ತೆಗೆಯಬಹುದು. ಮೈನಸ್ 196 ಡಿಗ್ರಿಯಷ್ಟು ತಣ್ಣಗಿರುವ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನವೂ ಇದೆ. ಆದರೆ ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಬಿಳಿ ಅಥವಾ ಕಪ್ಪು ಕಲೆ ಉಳಿಯಬಹುದಾದ್ದರಿಂದ ನುರಿತ ಕೈಯೇ ಬೇಕು. ಮದುವೆಯಂಥ ಸಮಾರಂಭವಿದ್ದರೆ ಕೆಲವು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ತೆಗೆಸಿದ ಮೇಲೂ ಮತ್ತೆ ಬಂದರೆ ಗಾಬರಿ ಬೇಡ. ಸುತ್ತಲಿನ ಚರ್ಮದಲ್ಲಿ ವೈರಸ್ ಉಳಿದಿರುವುದುಂಟು.

ಆಣಿಗೆ ಹಚ್ಚುವ ಸ್ಯಾಲಿಸಿಲಿಕ್ ಆಮ್ಲ ಅಂಗಾಲಿನ ದಪ್ಪ ಚರ್ಮಕ್ಕೆ ಸರಿ, ಮುಖಕ್ಕಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮಿನಿಂದ ನರಹುಲಿ ಇನ್ನಷ್ಟು ಹರಡಬಹುದು.

ಗಂಟು ಬೇಗ ಬೆಳೆದರೆ, ರಕ್ತ ಒಸರಿದರೆ, ಹುಣ್ಣಾದರೆ, ಬಣ್ಣ ಬದಲಾದರೆ ತಡಮಾಡಬೇಡಿ. ವಯಸ್ಸಾದವರಲ್ಲಿ ಇದು ಚರ್ಮದ ಕ್ಯಾನ್ಸರ್ ಇರಬಹುದು. ಒಮ್ಮೆಲೇ ಬಹಳಷ್ಟು ನರಹುಲಿ ಎದ್ದರೂ ಪರೀಕ್ಷೆ ಅಗತ್ಯ. ದೇಹದ ನಿರೋಧಕ ಶಕ್ತಿ ಕುಗ್ಗಿರಬಹುದು.

ನೆಗಡಿ ಬಂತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ. ಹೋಗಬಹುದಾದ ನರಹುಲಿಗಾಗಿ ಹೋಗದ ಕಲೆಯನ್ನು ಮುಖದ ಮೇಲೆ ತಂದುಕೊಳ್ಳುವುದೂ ಬೇಡ.