ಬೆಂಗಳೂರಿನಲ್ಲಿ ಒಂದೆರಡು ದಿನ ತಂಗಬೇಕೆ? ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ

ನಮ್ಮ ಊರುಗಳಲ್ಲಿ ಹೋಟೆಲ್ ಎಂದರೆ ಇಡ್ಲಿ, ಬನ್ಸ್, ಚಹಾ. ರಾತ್ರಿ ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಈಗ ಮೊಬೈಲಿನಲ್ಲಿ ಹೋಟೆಲ್ ಎಂದು ಹುಡುಕಿದರೆ ಬರುವುದೆಲ್ಲ ಲಾಡ್ಜುಗಳೇ. ಐನೂರರಿಂದ ಹಿಡಿದು ಇಪ್ಪತ್ತು ಸಾವಿರದವರೆಗೆ ದರ, ಪ್ರತಿಯೊಂದರ ಕೆಳಗೂ ನಕ್ಷತ್ರ, ಬಿಳಿ ಹಾಸಿಗೆಯ ಫೋಟೋ. ಇದರಲ್ಲಿ ನಮಗೆ ಯಾವುದು ಎಂಬುದೇ ತಿಳಿಯುವುದಿಲ್ಲ.

ಗಡಿನಾಡಿನವರಿಗೆ ಬೆಂಗಳೂರಿನ ಪ್ರಯಾಣ ಪ್ರವಾಸವಲ್ಲ, ಕೆಲಸ. ಕಾಸರಗೋಡಿನವರು ಸಣ್ಣಪುಟ್ಟದಕ್ಕೆಲ್ಲ ಮಂಗಳೂರಿಗೆ ಹೋಗಿ ಸಂಜೆ ಮನೆ ಸೇರುತ್ತಾರೆ. ಹೊಸೂರಿನವರಿಗೆ ಬೆಂಗಳೂರೇ ನಲವತ್ತು ಕಿಲೋಮೀಟರ್, ಅವರಿಗೆ ರೂಂ ಬೇಕಾಗುವುದು ಅಪರೂಪ. ಆದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಾಗ, ಮಕ್ಕಳ ಸಿ.ಇ.ಟಿ. ಇದ್ದಾಗ, ಮದುವೆ ಜವಳಿ ತರಬೇಕಾದಾಗ ಆದೋನಿ, ಮಡಕಶಿರಾ, ಸೊಲ್ಲಾಪುರ, ಮಂಜೇಶ್ವರದವರೆಲ್ಲ ಮೆಜೆಸ್ಟಿಕ್ಕಿನಲ್ಲಿ ಚೀಲ ಹಿಡಿದು ನಿಲ್ಲಬೇಕಾಗುತ್ತದೆ.

ಹಾಗೆ ನಿಂತವರಲ್ಲಿ ನಾನೂ ಒಬ್ಬ. ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಸಿ.ಇ.ಟಿ. ಸೀಟು ಕೇಳುವ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಕೆಲವು ವರ್ಷಗಳ ಹಿಂದೆ ತಂಗಿಯ ಮಗಳನ್ನು ಅದಕ್ಕಾಗಿ ಕರೆದುಕೊಂಡು ಹೋಗಿದ್ದೆ. ಪರೀಕ್ಷೆ ಮರುದಿನ. ರಾತ್ರಿ ಬಸ್ಸು ಬೆಳಗಿನ ಐದೂವರೆಗೆ ಇಳಿಸಿತು. ಬಸ್ ನಿಲ್ದಾಣದ ಹತ್ತಿರವೇ ಒಂದು ಲಾಡ್ಜು, ಬಾಡಿಗೆ ಕಡಿಮೆ ಎಂದು ಖುಷಿಯಾಯಿತು. ಮರುದಿನ ರಾತ್ರಿ ಹೊರಡುವಾಗ ನೋಡಿದರೆ ಮೂರು ದಿನದ ಬಾಡಿಗೆ! ಏನಿದು ಎಂದು ಕೇಳಿದೆ. "ಹನ್ನೆರಡು ಗಂಟೆ ಚೆಕ್‌ಔಟ್ ಸಾರ್, ಬೋರ್ಡ್ ನೋಡ್ಲಿಲ್ವಾ?" ಎಂದ ಕೌಂಟರಿನ ಹುಡುಗ. ಬೋರ್ಡು ಇತ್ತು, ಅವನ ಹಿಂದಿನ ಗೋಡೆಯಲ್ಲೇ. "ಮಾವ, ನಾವು ಇದ್ದದ್ದು ಎರಡೇ ದಿನ ಅಲ್ವಾ?" ಎಂದು ಹುಡುಗಿ ಕೇಳಿದಳು. ಕಿಸೆಯಲ್ಲಿ ಬಸ್ಸಿನ ಊಟಕ್ಕೆ ಇಟ್ಟಿದ್ದ ಹಣವೂ ಅಲ್ಲೇ ಹೋಯಿತು.

ಇದು ಮೋಸವಲ್ಲ, ಲೆಕ್ಕ. ಲಾಡ್ಜುಗಳಲ್ಲಿ ದಿನದ ಲೆಕ್ಕ ಎರಡು ಬಗೆ. ಒಂದರಲ್ಲಿ ನೀವು ಯಾವಾಗ ಬಂದರೂ ಮಧ್ಯಾಹ್ನ 12ಕ್ಕೆ (ಕೆಲವೆಡೆ 11ಕ್ಕೆ) ದಿನ ಮುಗಿಯುತ್ತದೆ. ಇನ್ನೊಂದರಲ್ಲಿ ಬಂದ ಹೊತ್ತಿನಿಂದ 24 ಗಂಟೆ. ಮೆಜೆಸ್ಟಿಕ್, ಗಾಂಧಿನಗರ, ಕಾಟನ್‌ಪೇಟೆ, ಸುಬೇದಾರ್ ಛತ್ರಂ ರಸ್ತೆಯ ಹಳೆಯ ಲಾಡ್ಜುಗಳಲ್ಲಿ 24 ಗಂಟೆಯ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಆ್ಯಪಿನಲ್ಲಿ ಸಿಗುವ ಹೊಸ ಹೋಟೆಲುಗಳು ಹೆಚ್ಚಾಗಿ ಮಧ್ಯಾಹ್ನದ ಲೆಕ್ಕದವು. ಬೆಳಗ್ಗೆ ಬೇಗ ಬಂದರೆ ಅವು ಕಾಯಿಸುತ್ತವೆ, ಇಲ್ಲವೇ ಅರ್ಧ ದಿನದ ಬಾಡಿಗೆ ಕೇಳುತ್ತವೆ.

ಒಂದು ಲೆಕ್ಕ ಹಾಕೋಣ. ಭಾನುವಾರ ಬೆಳಗ್ಗೆ 5.30ಕ್ಕೆ ಬಂದು ಸೋಮವಾರ ರಾತ್ರಿ 10ರ ಬಸ್ಸಿಗೆ ಹೊರಡುತ್ತೀರಿ ಎಂದಿಟ್ಟುಕೊಳ್ಳಿ. ಮಧ್ಯಾಹ್ನದ ಲೆಕ್ಕದ ಲಾಡ್ಜಿನ ಬಾಡಿಗೆ 900 ರೂ. ಭಾನುವಾರ ಮಧ್ಯಾಹ್ನಕ್ಕೆ ಒಂದು ದಿನ, ಸೋಮವಾರ ಮಧ್ಯಾಹ್ನಕ್ಕೆ ಎರಡು, ರಾತ್ರಿವರೆಗೆ ಇದ್ದರೆ ಮೂರು, ಒಟ್ಟು 2700 ರೂ. ಪಕ್ಕದ 24 ಗಂಟೆಯ ಲಾಡ್ಜಿನಲ್ಲಿ ಬಾಡಿಗೆ 1200 ರೂ. ಇದ್ದರೂ ಎರಡೇ ದಿನ, 2400 ರೂ. ದುಬಾರಿ ಎಂದು ಬಿಟ್ಟು ಬಂದದ್ದೇ ಅಗ್ಗ! ಹಾಗೆಂದು 24 ಗಂಟೆಯದೇ ಯಾವಾಗಲೂ ಒಳ್ಳೆಯದು ಎಂದೂ ಅಲ್ಲ. ಹಗಲು ಬಸ್ಸಿನಲ್ಲಿ ಸಂಜೆ ಆರಕ್ಕೆ ಬಂದು ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡುವವರಿಗೆ ಮಧ್ಯಾಹ್ನದ ಲೆಕ್ಕದಲ್ಲೂ ಒಂದೇ ಬಾಡಿಗೆ. ಅಂಥವರು ಕಡಿಮೆ ದರದ್ದನ್ನೇ ಹಿಡಿಯಬಹುದು. ನಾನು ಅಂದು ಮಧ್ಯಾಹ್ನ ಹನ್ನೆರಡಕ್ಕೇ ರೂಂ ಬಿಟ್ಟು ಚೀಲವನ್ನು ಕೌಂಟರಿನಲ್ಲಿ ಇಟ್ಟಿದ್ದರೂ ಒಂದು ಬಾಡಿಗೆ ಉಳಿಯುತ್ತಿತ್ತು. ಕೇಳಿದರೆ ಬಹಳಷ್ಟು ಕಡೆ ಇಟ್ಟುಕೊಳ್ಳುತ್ತಾರೆ.

ಬಾಡಿಗೆಯ ಮೇಲೆ ತೆರಿಗೆಯೂ ಇದೆ. ದಿನಕ್ಕೆ 1000 ರೂಪಾಯಿವರೆಗಿನ ಕೋಣೆಗಳಿಗೆ ಮೊದಲು ಜಿ.ಎಸ್.ಟಿ. ಇರಲಿಲ್ಲ. 2022ರ ಜುಲೈ 18ರಿಂದ ಅವಕ್ಕೂ ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ಕೋಣೆಗಳಿಗೆ ಅದು ಶೇ. 5ಕ್ಕೆ ಇಳಿದಿದೆ, ಅದಕ್ಕಿಂತ ಮೇಲಿನವಕ್ಕೆ ಶೇ. 18. ಅಂದರೆ 1200 ರೂಪಾಯಿಯ ರೂಮಿಗೆ 60 ರೂಪಾಯಿ ಹೆಚ್ಚು. ಇನ್ನೂ ಶೇ. 12 ಎಂದು ಯಾರಾದರೂ ಬರೆದರೆ ಕೇಳಿ. ವಹಿವಾಟು ಕಡಿಮೆ ಇರುವ ಚಿಕ್ಕ ಲಾಡ್ಜುಗಳು ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಜಿ.ಎಸ್.ಟಿ. ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ.

ಇನ್ನು ಯಾರಿಗೆ ಎಂಥ ಜಾಗ ಎಂಬ ಮಾತು. ಒಂದೇ ದಿನದ ಕೆಲಸ ಇದ್ದು, ಬೆಳಗ್ಗೆ ಬಂದು ರಾತ್ರಿ ಹೋಗುವವರಿಗೆ ರೂಮೇ ಬೇಡ. ಸ್ನಾನ ಮಾಡಿ ಬಟ್ಟೆ ಬದಲಿಸಿ ಚೀಲ ಇಡಲು ಜಾಗ ಸಿಕ್ಕರೆ ಸಾಕು. ಸೊಲ್ಲಾಪುರ, ಆದೋನಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಕಾಸರಗೋಡಿನಿಂದ ಕಣ್ಣೂರು ರೈಲಿನಲ್ಲಿ ಬರುವವರಿಗೆ ಬೆಂಗಳೂರು ನಗರ ನಿಲ್ದಾಣದಲ್ಲೇ ರೈಲ್ವೆಯ ವಿಶ್ರಾಂತಿ ಕೊಠಡಿ ಮತ್ತು ಡಾರ್ಮಿಟರಿ ಇದೆ. ಟಿಕೆಟ್ ಖಾತ್ರಿಯಾಗಿದ್ದರೆ ಅಥವಾ ಆರ್.ಎ.ಸಿ. ಇದ್ದರೂ ಆ ಪಿ.ಎನ್.ಆರ್. ಸಂಖ್ಯೆ ಹಾಕಿ ಐ.ಆರ್.ಸಿ.ಟಿ.ಸಿ. ತಾಣದಲ್ಲಿ ಮುಂಗಡ ಕಾದಿರಿಸಬಹುದು. 12 ಗಂಟೆಗೂ ಕೊಡುತ್ತಾರೆ, ಆದ್ದರಿಂದ ಪೂರಾ ದಿನದ ಹಣ ಕೊಡಬೇಕಿಲ್ಲ. ಇದು ಬೇಗ ತುಂಬುತ್ತದೆ, ಟಿಕೆಟ್ ಮಾಡಿದ ದಿನವೇ ನೋಡಿಬಿಡಬೇಕು. ಸಾಮಾನು ಇಡುವ ಕೊಠಡಿಯಲ್ಲಿ ಬೀಗ ಹಾಕಿದ ಚೀಲವನ್ನಷ್ಟೇ ತೆಗೆದುಕೊಳ್ಳುತ್ತಾರೆ. ಹಗ್ಗ ಕಟ್ಟಿದ ಗೋಣಿಚೀಲ ನಡೆಯುವುದಿಲ್ಲ.

ರೈಲು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ 2022ರ ಜೂನ್‌ನಲ್ಲಿ ರೈಲು ಓಡತೊಡಗಿದ ಮೇಲೆ ಹಲವು ರೈಲುಗಳು ಮೆಜೆಸ್ಟಿಕ್ಕಿಗೆ ಬರುವುದೇ ಇಲ್ಲ. ಕೆಲವು ಯಶವಂತಪುರಕ್ಕೇ ಮುಗಿಯುತ್ತವೆ. ಮೆಜೆಸ್ಟಿಕ್ಕಿನಲ್ಲಿ ರೂಂ ಮಾಡಿ ಬೈಯಪ್ಪನಹಳ್ಳಿಯಲ್ಲಿ ಇಳಿದವರ ಪಾಡನ್ನು ನೋಡಿದ್ದೇನೆ. ಆಟೋದವನಿಗೆ ಕೊಟ್ಟದ್ದೇ ಅರ್ಧ ಬಾಡಿಗೆಯಷ್ಟಾಗಿತ್ತು.

ಹಣ ತೀರ ಕಡಿಮೆ ಇರುವವರಿಗೆ ಛತ್ರಗಳಿವೆ. ನಗರ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ 1903ರದ್ದು. ವ್ಯಾಪಾರದಲ್ಲಿ ದುಡಿದದ್ದನ್ನು ದೂರದಿಂದ ಬರುವ ಪ್ರಯಾಣಿಕರಿಗೂ ಓದುವ ಹುಡುಗರಿಗೂ ಇಟ್ಟುಹೋದ ಪುಣ್ಯಾತ್ಮ, ಅವರ ಹೆಸರಿನ ರಸ್ತೆಯೇ ಅಲ್ಲಿದೆ. ಸಮುದಾಯಗಳ ಭವನ, ಮಠಗಳ ವಸತಿಗೃಹಗಳೂ ನಗರದಲ್ಲಿ ಬೇಕಾದಷ್ಟಿವೆ. ಅವಕ್ಕೆ ತಮ್ಮದೇ ನಿಯಮ, ರಾತ್ರಿ ಬಾಗಿಲು ಹಾಕುವ ಹೊತ್ತು ಇರುತ್ತದೆ. ಎಷ್ಟೋ ಕಡೆ ಊರಿನ ಪರಿಚಿತರೊಬ್ಬರ ಮಾತು ಆ್ಯಪಿಗಿಂತ ಹೆಚ್ಚು ನಡೆಯುತ್ತದೆ.

ಪರೀಕ್ಷೆಗೆ ಬರುವವರು ಮೊದಲು ಪ್ರವೇಶಪತ್ರದಲ್ಲಿ ಕೇಂದ್ರ ಎಲ್ಲಿದೆ ನೋಡಿ, ಆಮೇಲೆ ರೂಂ ನೋಡಿ. ಪ್ರಾಧಿಕಾರದ ಕಚೇರಿ ಇರುವುದು ಮಲ್ಲೇಶ್ವರದ ಸಂಪಿಗೆ ರಸ್ತೆ, 18ನೇ ಅಡ್ಡರಸ್ತೆಯಲ್ಲಿ. ದಾಖಲೆ ತೋರಿಸಲು ಅಲ್ಲಿಗೆ ಕರೆದರೆ ಮೆಜೆಸ್ಟಿಕ್ಕಿನಲ್ಲಿ ತಂಗಿದರೂ ದೂರವಾಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಬಸ್ ನಿಲ್ದಾಣದ ಕಡೆಗೆ ಕಿಟಕಿ ಇರುವ ರೂಂ ಬೇಡ. ಕಂಡಕ್ಟರುಗಳ ಕೂಗು ರಾತ್ರಿಯಿಡೀ ನಿಲ್ಲುವುದಿಲ್ಲ, ಹಿಂಭಾಗದ ರೂಮನ್ನೇ ಕೇಳಿ. ಪ್ಲಸ್ ಟು ಮುಗಿಸಿದ ಮಕ್ಕಳಲ್ಲಿ ಅನೇಕರಿಗೆ ಹದಿನೇಳೇ ವರ್ಷ. ಹದಿನೆಂಟಾಗದವರಿಗೆ ಒಂಟಿಯಾಗಿ ಲಾಡ್ಜುಗಳು ರೂಂ ಕೊಡುವುದಿಲ್ಲ. ಹಾಗಾಗಿ ಹುಡುಗನನ್ನೇ ಆಗಲಿ ಒಬ್ಬನನ್ನೇ ಕಳಿಸಬೇಡಿ. ಮಗಳ ಜೊತೆ ಹೋಗುವ ಅಪ್ಪ, ಮಾವಂದಿರು ಇಬ್ಬರ ಗುರುತಿನ ಚೀಟಿಯನ್ನೂ ಒಯ್ಯಬೇಕು. ಕೌಂಟರಿನಲ್ಲಿ ಸಂಬಂಧ ಕೇಳಿದರೆ ಸಿಟ್ಟಾಗಬೇಡಿ, ಹೆಣ್ಣುಮಕ್ಕಳಿಗೆ ಅದು ಒಳ್ಳೆಯದೇ. ವಯಸ್ಸಾದ ಹೆಣ್ಣುಮಕ್ಕಳು ಇಬ್ಬರು ಮೂವರು ಸೇರಿ ಬರುವುದಾದರೆ ವೈ.ಡಬ್ಲ್ಯು.ಸಿ.ಎ.ಯಂಥ ಸಂಸ್ಥೆಗಳ ಅತಿಥಿಗೃಹಗಳನ್ನು ವಿಚಾರಿಸಬಹುದು.

ಆಸ್ಪತ್ರೆಯ ಕೆಲಸಕ್ಕೆ ಬರುವವರ ಲೆಕ್ಕವೇ ಬೇರೆ. ಇಲ್ಲಿ ಅಗ್ಗದ ರೂಮಿಗಿಂತ ಹತ್ತಿರದ ರೂಂ ಮುಖ್ಯ. ಮೆಜೆಸ್ಟಿಕ್ಕಿನಲ್ಲಿ ಇಳಿದುಕೊಂಡು ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ ದಿನವೂ ಹೋಗಿಬರುವುದು ರೋಗಿಗೂ ಕಷ್ಟ, ಜೊತೆಗಿರುವವರಿಗೂ ಕಷ್ಟ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯದೂ ಹಾಗೆಯೇ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಕಿದ್ವಾಯಿ ಅಕ್ಕಪಕ್ಕದಲ್ಲಿವೆ. ಈ ಆಸ್ಪತ್ರೆಗಳ ಸುತ್ತಲ ಬೀದಿಗಳಲ್ಲಿ ರೋಗಿಗಳ ಕಡೆಯವರಿಗೆಂದೇ ಗೆಸ್ಟ್ ಹೌಸ್‌ಗಳು, ಮನೆಗಳು ಸಿಗುತ್ತವೆ. ವಾರದ ಲೆಕ್ಕದಲ್ಲಿ ಚೌಕಾಸಿ ಮಾಡಬಹುದು. ಗಂಜಿ ಬೇಯಿಸಲು ಒಲೆ ಇದೆಯೇ, ಲಿಫ್ಟ್ ಇದೆಯೇ, ಕುಳಿತುಕೊಳ್ಳುವ ಕಮೋಡ್ ಇದೆಯೇ ಎಂಬ ಮೂರು ಪ್ರಶ್ನೆ ಕೇಳದೆ ಹಣ ಕೊಡಬೇಡಿ. ಶಸ್ತ್ರಚಿಕಿತ್ಸೆ ಆದವರನ್ನು ಮೂರನೇ ಮಹಡಿಗೆ ಎತ್ತಿಕೊಂಡು ಹತ್ತಿಸುವುದು ಎಂಥದ್ದೆಂದು ಮಾಡಿದವರಿಗೇ ಗೊತ್ತು. ಡಿಸ್ಚಾರ್ಜ್ ಯಾವತ್ತು ಎಂದು ವೈದ್ಯರೂ ಹೇಳಲಾರರು, ಹೀಗಾಗಿ ಹದಿನೈದು ದಿನದ ಹಣ ಒಟ್ಟಿಗೆ ಕಟ್ಟಬೇಡಿ. ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಧರ್ಮಶಾಲೆಯೂ ಇರುತ್ತದೆ. ಅಲ್ಲಿ ಜಾಗ ಸಿಗುವುದು ಆಸ್ಪತ್ರೆಯ ಚೀಟಿ ಮಾಡಿಸಿದ ರೋಗಿಯ ಕಡೆಯವರಿಗೆ. ಮೊದಲ ದಿನವೇ ಸಮಾಜ ಕಾರ್ಯಕರ್ತರ ವಿಭಾಗದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಮೆಟ್ರೊ ಬಂದ ಮೇಲೆ ಈ ದೂರದ ಲೆಕ್ಕ ಸ್ವಲ್ಪ ಬದಲಾಗಿದೆ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಸತ್ಯಸಾಯಿ ಆಸ್ಪತ್ರೆಯ ಹೆಸರಿನಲ್ಲೇ ನಿಲ್ದಾಣವಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಜಯದೇವ ಆಸ್ಪತ್ರೆಯ ಮೇಲಾಗಿ ಬೊಮ್ಮಸಂದ್ರ ಮುಟ್ಟುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಬರುವಷ್ಟಕ್ಕೆ ಮೆಟ್ರೊ ನಿಲ್ದಾಣದ ಹತ್ತಿರ ಎಲ್ಲಿ ಇದ್ದರೂ ಆಗುತ್ತದೆ. ಹೊಸೂರು ಕಡೆಯವರು ಬೊಮ್ಮಸಂದ್ರದಲ್ಲೇ ಬಸ್ಸಿಳಿದು ಮೆಟ್ರೊ ಹತ್ತಿದರೆ ಜಯದೇವಕ್ಕೆ ಹೋಗಿ ಸಂಜೆ ಮನೆ ಸೇರಬಹುದು.

ಮದುವೆ ಜವಳಿಯವರಿಗೆ ಚಿಕ್ಕಪೇಟೆ, ಅವೆನ್ಯೂ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅನುಕೂಲ. ಆರು ಜನ ಬಂದರೆ ಎರಡು ಮಂಚದ ಮೂರು ರೂಮಿಗಿಂತ ನಾಲ್ಕು ಹಾಸಿಗೆಯ ಒಂದು ದೊಡ್ಡ ರೂಮಿಗೆ ಎರಡು ಹಾಸಿಗೆ ಹೆಚ್ಚುವರಿ ಹಾಕಿಸುವುದು ಅಗ್ಗ. ಹೆಚ್ಚುವರಿ ಹಾಸಿಗೆಗೆ ಎಷ್ಟು ಎಂದು ಮೊದಲೇ ಬಾಯಿಬಿಟ್ಟು ಕೇಳಬೇಕು. ಭಾನುವಾರ ಚಿಕ್ಕಪೇಟೆಯ ಸಗಟು ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಆ ದಿನಕ್ಕೆ ರೂಂ ಮಾಡಿದರೆ ಬಾಡಿಗೆ ದಂಡ.

ಎರಡೂವರೆ ಮೂರು ಸಾವಿರದ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಎ.ಸಿ., ಲಿಫ್ಟ್, ಬೆಳಗಿನ ತಿಂಡಿ ಇರುತ್ತದೆ. ವಯಸ್ಸಾದ ತಂದೆ ತಾಯಿಯನ್ನು ಕರೆತಂದಾಗ, ಮಗುವಿನ ಜೊತೆ ಬಂದಾಗ ಆ ಹಣ ವ್ಯರ್ಥವಲ್ಲ. ಇಬ್ಬರ ತಿಂಡಿ ಬಾಡಿಗೆಯಲ್ಲೇ ಸೇರಿದೆಯೇ ಎಂದು ಮಾತ್ರ ಕೇಳಿ. ಎಂ.ಜಿ. ರಸ್ತೆಯ ಕಡೆಯ ನಕ್ಷತ್ರದ ಹೋಟೆಲುಗಳ ಮಾತು ನಮ್ಮ ಓದುಗರಿಗೆ ಹೆಚ್ಚು ಬೇಡ. ಕಂಪನಿ ಹಣ ಕೊಡುವವರು ಅಲ್ಲಿ ಇಳಿಯುತ್ತಾರೆ. ನಸುಕಿನ ವಿಮಾನಕ್ಕೆಂದು ದೇವನಹಳ್ಳಿಯಲ್ಲಿ ದುಬಾರಿ ರೂಂ ಮಾಡುವವರಿಗೆ ಒಂದು ಮಾತು: ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು ರಾತ್ರಿಯೂ ಓಡುತ್ತದೆ.

ರೂಂ ಯಾವುದೇ ಇರಲಿ, ಹಣ ಕೊಡುವ ಮೊದಲು ಮೇಲೆ ಹೋಗಿ ನೋಡಿ. ಒಳಗಿನ ಚಿಲಕ ಕೂರುತ್ತದೆಯೇ, ಕಿಟಕಿ ಗಾಳಿಗೆ ತೆರೆಯುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೊರಗೆ ಹೋಗಲು ಇನ್ನೊಂದು ಮೆಟ್ಟಿಲಿದೆಯೇ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿ. ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುವ ಲಾಡ್ಜುಗಳೇ ಹೆಚ್ಚು. ನಿಲ್ದಾಣದಲ್ಲಿ ಚೀಲ ಹಿಡಿದು ರೂಂ ಬೇಕಾ ಎಂದು ಬೆನ್ನು ಹತ್ತುವವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ. ಕೇರಳದ, ಆಂಧ್ರದ ಆಧಾರ್ ನೋಡಿ ಕೌಂಟರಿನವರು ಹಿಂದಿಗೆ ಹೊರಳುವುದುಂಟು. ಕನ್ನಡದಲ್ಲೇ ಉತ್ತರಿಸಿ, ಎರಡನೇ ಮಾತಿಗೆ ಅವರೂ ಕನ್ನಡಕ್ಕೆ ಬರುತ್ತಾರೆ, ಕೆಲವೊಮ್ಮೆ ಬಾಡಿಗೆಯೂ ನೂರು ಇಳಿಯುತ್ತದೆ. ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿ ಮರೆಯಾಗಿರುವ ಪ್ರತಿಯನ್ನು ಯು.ಐ.ಡಿ.ಎ.ಐ. ತಾಣದಿಂದ ಇಳಿಸಿಕೊಂಡು ಒಯ್ದರೆ ಕ್ಷೇಮ.

ಫೋನಿನಲ್ಲಿ ಮುಂಗಡ ಕಳಿಸುವವರು ಎಚ್ಚರ. ಹೋಟೆಲು, ಅತಿಥಿಗೃಹಗಳ ಹೆಸರಿನಲ್ಲಿ ನಕಲಿ ತಾಣ, ನಕಲಿ ಫೋನ್ ನಂಬರು ಹಾಕಿ ದುಡ್ಡು ಕೀಳುವವರ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿದೆ. ಪೂರ್ತಿ ಹಣ ಈಗಲೇ ಹಾಕಿ ಎಂದು ಅವಸರ ಮಾಡಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಮೊದಲ ಗಂಟೆಗಳಲ್ಲಿ ಹೇಳಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅದೇ ಹುಡುಗಿಯ ದಾಖಲೆ ತೋರಿಸಲು ಮತ್ತೆ ಹೋಗಬೇಕಾಗಿ ಬಂದಾಗ ನಾವು ಹಗಲು ಬಸ್ಸು ಹಿಡಿದೆವು. ಸಂಜೆ ತಲುಪಿ, ಹಿಂಭಾಗದ ರೂಂ ಕೇಳಿ ಪಡೆದು, ಮರುದಿನ ಹತ್ತೂವರೆಗೆ ಬೀಗ ಕೊಟ್ಟು ಚೀಲವನ್ನು ಕೌಂಟರಿನಲ್ಲಿಟ್ಟು ಮಲ್ಲೇಶ್ವರಕ್ಕೆ ಹೋದೆವು. ಒಂದೇ ಬಾಡಿಗೆಯಾಯಿತು. ರಾತ್ರಿ ಬಸ್ಸು ಹತ್ತುವ ಜಾಗ ಮಾತ್ರ ಟಿಕೆಟಿನಲ್ಲಿ ಸ್ಯಾಟಲೈಟ್ ಎಂದಿತ್ತು, ಮೆಜೆಸ್ಟಿಕ್ ಅಲ್ಲ. ಅದನ್ನು ನೋಡಿದ್ದು ಅವಳೇ.