ಮಾಣಿ ಸೀಮೆಯ ಅಮ್ಮಂದಿರು

ಮಂಗಳೂರಿನಿಂದ ಬಂದ ಹೆದ್ದಾರಿ ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಉಪ್ಪಿನಂಗಡಿ, ಶಿರಾಡಿಯ ಕಡೆಗೆ. ಇನ್ನೊಂದು ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ದಾರಿಯಲ್ಲೊಬ್ಬ ಅಮ್ಮ ಇದ್ದೇ ಇರುತ್ತಾಳೆ. ಮಾಣಿಯಲ್ಲೇ ಉಳ್ಳಾಲ್ತಿ. ಅನಂತಾಡಿ, ಕೆಲಿಂಜ, ಕೇಪು, ಬಲ್ನಾಡುಗಳಲ್ಲೂ ಉಳ್ಳಾಲ್ತಿ. ಫಲ್ಗುಣಿ ನದಿಯ ದಂಡೆಗೆ ಹೋದರೆ ಪೊಳಲಿಯ ರಾಜರಾಜೇಶ್ವರಿ, ಇನ್ನಷ್ಟು ಮುಂದೆ ನಂದಿನಿ ನದಿಯ ನಡುವೆ ಕಟೀಲಿನ ದುರ್ಗಾಪರಮೇಶ್ವರಿ. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ದೇವಿಯರು ಬಂದು ನೆಲೆಯಾದದ್ದು ಹೇಗೆ?

ಪುರಾಣದಿಂದ ಶುರುಮಾಡಿದರೆ ಇದಕ್ಕೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಶುರುಮಾಡಬೇಕಾದದ್ದು ಅಂಗಳದಿಂದ, ಕೆಡ್ಡಸದಿಂದ.

ತುಳುವರ ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿ ಮುಟ್ಟಾಗುತ್ತಾಳೆ ಎಂಬುದು ಇಲ್ಲಿಯ ನಂಬಿಕೆ. ಸುರು ಕೆಡ್ಡಸ, ನಡು ಕೆಡ್ಡಸ, ಕಡೆ ಕೆಡ್ಡಸ ಎಂದು ಮೂರು ದಿನ. ಆ ದಿನಗಳಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಹುರಿದ ಅಕ್ಕಿಯನ್ನು ಪುಡಿಮಾಡಿ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೆರಿ ತಯಾರಾಗುತ್ತದೆ. ಊಟಕ್ಕೆ ನುಗ್ಗೆ, ಬದನೆಯ ಪದಾರ್ಥ. ಕೊನೆಯ ದಿನ ಬೆಳಿಗ್ಗೆ ಮನೆಯ ಹೆಂಗಸು ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ, ಅರಸಿನ, ಕುಂಕುಮ, ಸೀಗೆ, ಬಾಚಣಿಗೆ, ಕನ್ನಡಿ ಇಟ್ಟು, ನೆಲಕ್ಕೆ ಎಣ್ಣೆ ಎರೆಯುತ್ತಾಳೆ. ಭೂಮಿಗೆ ಅದು ಮೀಯುವ ದಿನ. ಇದಕ್ಕೆ ಮಂತ್ರವೂ ಬೇಡ, ಪುರೋಹಿತರೂ ಬೇಡ. ದೇಶದ ಇನ್ನೊಂದು ತುದಿಯಲ್ಲಿ, ಅಸ್ಸಾಮಿನ ಕಾಮಾಖ್ಯೆಯಲ್ಲಿ, ಜೂನ್ ತಿಂಗಳ ಅಂಬುಬಾಚಿಗೆ ಇದೇ ನಂಬಿಕೆಯಲ್ಲಿ ಗುಡಿಯ ಬಾಗಿಲು ಮುಚ್ಚುತ್ತಾರೆ. ಒಡಿಶಾದ ರಜ ಹಬ್ಬದಲ್ಲಿ ನೇಗಿಲಿಗೆ ರಜೆ.

ಮಣ್ಣಿನ ಮುಟ್ಟಿಗೆ ಎಣ್ಣೆ, ಕುಂಕುಮ, ವಿಶ್ರಾಂತಿ ಕೊಟ್ಟು ಗೌರವಿಸಿದ ನಾವು, ಮನೆಯ ಹೆಣ್ಣಿನ ಮುಟ್ಟನ್ನು ಹೊರಗಿಟ್ಟದ್ದು ಸರಿಯಾಗಲಿಲ್ಲ. ಕೆಡ್ಡಸವನ್ನು ಅರ್ಥಮಾಡಿಕೊಂಡ ಮನೆಯಲ್ಲಿ ಹಾಗೆ ಹೊರಗಿಡುವುದಕ್ಕೆ ಜಾಗ ಇರಬಾರದಿತ್ತು.

ನೆಲದ ಮೇಲೆ ಎದ್ದುನಿಂತ ಅಮ್ಮ ಉಳ್ಳಾಲ್ತಿ. ಅವಳು ದೈವ. ಗರ್ಭಗುಡಿಯಲ್ಲಿ ಕೂತು ದರ್ಶನ ಕೊಡುವವಳಲ್ಲ. ಭಂಡಾರದ ಜೊತೆ ಹೊರಟು, ಪಾತ್ರಿಯ ಮೈಮೇಲೆ ಬಂದು, ಊರಿನವರ ಎದುರು ನಿಂತು ಮಾತಾಡುವವಳು. ಮಾಣಿ, ಅನಂತಾಡಿಗಳಲ್ಲಿ ಅವಳ ಉತ್ಸವಕ್ಕೆ ಮೆಚ್ಚಿ ಎನ್ನುತ್ತಾರೆ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಏಪ್ರಿಲ್ 17ರ ರಥೋತ್ಸವದ ಹಿಂದಿನ ರಾತ್ರಿ ಬಲ್ನಾಡಿನಿಂದ ಉಳ್ಳಾಲ್ತಿ, ದಂಡನಾಯಕ ದೈವಗಳ ಕಿರುವಾಳು, ಅಂದರೆ ಭಂಡಾರ, ಬರುತ್ತದೆ. ಆ ರಾತ್ರಿ ಪೇಟೆಗೆ ಪೇಟೆಯೇ ಮಲ್ಲಿಗೆ. ಹರಕೆ ಹೊತ್ತವರು ಚೆಂಡುಗಟ್ಟಲೆ ಮಲ್ಲಿಗೆ ತಂದು ಅಮ್ಮನಿಗೆ ಒಪ್ಪಿಸುತ್ತಾರೆ. ಶಿವನ ರಥ ಎಳೆಯುವ ಮೊದಲು ಊರ ಅಮ್ಮ ಬರಬೇಕು! ದೇವರು ಮತ್ತು ದೈವದ ನಡುವಿನ ಈ ಒಪ್ಪಂದ ಯಾವ ಶಾಸ್ತ್ರದಲ್ಲೂ ಬರೆದದ್ದಲ್ಲ.

ಪುರಾಣದ ದೇವಿ ಈ ಮಣ್ಣಿಗೆ ಬಂದು ಸೇರಿದವಳು. ಮಾರ್ಕಂಡೇಯ ಪುರಾಣದೊಳಗಿನ ದೇವೀಮಾಹಾತ್ಮ್ಯ 13 ಅಧ್ಯಾಯ, 700 ಶ್ಲೋಕಗಳ ಕಥೆ. ರಾಜ್ಯ ಕಳೆದುಕೊಂಡ ಸುರಥ, ಮನೆಯವರಿಂದಲೇ ಹೊರಬಿದ್ದ ವೈಶ್ಯ ಸಮಾಧಿ, ಇಬ್ಬರೂ ಕಾಡಿನಲ್ಲಿ ಮುನಿಯಿಂದ ಮಹಿಷ, ಶುಂಭ, ನಿಶುಂಭರ ವಧೆಯ ಕಥೆ ಕೇಳುತ್ತಾರೆ. ಕೊನೆಯ ಅಧ್ಯಾಯದಲ್ಲಿ ಹೊಳೆಯ ದಂಡೆಗೆ ಹೋಗಿ ಮಣ್ಣಿನಿಂದ ದೇವಿಯ ಮೂರ್ತಿ ಮಾಡಿ ಪೂಜಿಸುತ್ತಾರೆ. ಪೊಳಲಿಯ ಸ್ಥಳಪುರಾಣ ಹಿಡಿದುಕೊಂಡದ್ದು ಸರಿಯಾಗಿ ಇದನ್ನೇ: ಆ ಹೊಳೆ ಫಲ್ಗುಣಿ, ಆ ಮಣ್ಣಿನ ಮೂರ್ತಿಯೇ ನಮ್ಮ ರಾಜರಾಜೇಶ್ವರಿ. ಇದು ಚರಿತ್ರೆ ಆಗಿರಬೇಕಿಲ್ಲ. ಆದರೆ 700 ಶ್ಲೋಕಗಳಲ್ಲಿ ಯುದ್ಧದ ವೈಭವವನ್ನೆಲ್ಲ ಬಿಟ್ಟು ಮಣ್ಣಿನ ಮೂರ್ತಿಯ ಮಾತನ್ನು ಹೆಕ್ಕಿಕೊಂಡವರು ನೆಲಕ್ಕೆ ಎಣ್ಣೆ ಎರೆದು ಗೊತ್ತಿದ್ದ ಜನವೇ ಆಗಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪೊಳಲಿಯ ಮೂಲಮೂರ್ತಿ ಇಂದಿಗೂ ಮಣ್ಣಿನದೇ. ಜೊತೆಗಿರುವ ಸುಬ್ರಹ್ಮಣ್ಯ, ಭದ್ರಕಾಳಿಯರೂ ಹಾಗೆಯೇ. ಮಣ್ಣಿಗೆ ನೀರಿನ ಅಭಿಷೇಕ ಆಗದು. ಬದಲಿಗೆ 12 ವರ್ಷಕ್ಕೊಮ್ಮೆ ಲೇಪಾಷ್ಟಗಂಧ, ಔಷಧೀಯ ದ್ರವ್ಯಗಳ ಲೇಪ. ಬಂಗಾಳದಲ್ಲಿ ಮಣ್ಣಿನ ದುರ್ಗೆಯನ್ನು ನವರಾತ್ರಿ ಮುಗಿದೊಡನೆ ನೀರಿಗೆ ಬಿಡುತ್ತಾರೆ. ಇಲ್ಲಿಯ ಜನ ಮಳೆನಾಡಿನ ತೇವದಲ್ಲಿ ಅದೇ ಮಣ್ಣನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. 2019ರ ಮಾರ್ಚ್‌ನಲ್ಲಿ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶೋತ್ಸವ ನಡೆದಾಗಲೂ ದೇವಿ ಮಣ್ಣಿನವಳಾಗಿಯೇ ಉಳಿದಳು. ಊರೂರಿನ ಗುಡಿಗಳು ಗ್ರಾನೈಟಿಗೆ ಒಲಿಯುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಸಂಸ್ಕೃತ ಬಾರದ ಮನೆಗಳಿಗೆ ದೇವೀಮಾಹಾತ್ಮ್ಯದ ಕಥೆಯನ್ನು ಮುಟ್ಟಿಸಿದ್ದು ಯಕ್ಷಗಾನ. ಕಟೀಲು ಮೇಳಗಳ ಹರಕೆಯಾಟದಲ್ಲಿ ಹೆಚ್ಚಿನವರು ಕೇಳುವುದು ದೇವಿಮಹಾತ್ಮೆಯನ್ನೇ. ಮಹಿಷಾಸುರ ಬರುವುದು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕಲ್ಲ. ದೊಂದಿ ಹಿಡಿದವರ ನಡುವೆ, ರಾಳದ ಬೆಂಕಿ ಹಾರಿಸುತ್ತ, ಕೂತ ಜನರ ಹಿಂದಿನಿಂದ. ಮಕ್ಕಳು ಚೀರಿ ಅಮ್ಮನ ಮಡಿಲಿಗೆ ಬೀಳುತ್ತಾರೆ. ದೇವಿಯ ವೇಷ ಕಂಡೊಡನೆ ಅಜ್ಜಿಯಂದಿರು ಎದ್ದು ಕೈಮುಗಿಯುತ್ತಾರೆ. ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು ಇದೇ ಕಥೆಯನ್ನು ಐದು ರಾತ್ರಿಗಳ ಪ್ರಸಂಗವಾಗಿ ಬೆಳೆಸಿದರು. 2023ರಲ್ಲಿ ಅವರು ತೀರಿಕೊಂಡರು, ಪ್ರಸಂಗ ನಮ್ಮಲ್ಲಿದೆ.

ಅದೇ ಯುದ್ಧ ಪೊಳಲಿಯ ಗದ್ದೆಯಲ್ಲಿ ಆಟವಾಗಿದೆ. ಮೀನ ಸಂಕ್ರಮಣಕ್ಕೆ ಆರಂಭವಾಗುವ ತಿಂಗಳ ಜಾತ್ರೆಯ ಕೊನೆಗೆ ಐದು ದಿನ ಚೆಂಡು. ಎರಡು ಬಣ ಕಟ್ಟಿಕೊಂಡು ಊರವರು ಚರ್ಮದ ಚೆಂಡಿಗಾಗಿ ಸೆಣಸುತ್ತಾರೆ. ಆ ಚೆಂಡನ್ನು ಹೊಲಿಯುವುದು ಮೂಡುಬಿದಿರೆಯ ಚಮ್ಮಾರ ಕುಟುಂಬ, ಅದರ ಖರ್ಚು ಹೊರುವುದು ಮಿಜಾರಿನ ಗಾಣದ ಮನೆಯವರು. ಮೂಡುಬಿದಿರೆಯಿಂದ ಚೆಂಡು ಬಂದರೇನೇ ಆಟ, ಕಡೆಯ ಚೆಂಡು ಮುಗಿದ ಮೇಲೆಯೇ ಅಮ್ಮನ ಮಹಾರಥ.