ಅಟ್ಟದ ಕಾಯಿ, ಹಡಗಿನ ಹುಡುಗ

ಟವೆಲ್ಲಿನಲ್ಲಿ ಆನೆ ಮಾಡೋದನ್ನು ನೋಡಿದ್ದೀರಾ? ನಾನು ನೋಡಿದ್ದು ಅರಳಗುಪ್ಪೆಯಲ್ಲಿ. ನಮ್ಮಕ್ಕನನ್ನು ಕೊಟ್ಟ ಊರು ಅದು. ದೀಪಾವಳಿಗೆ ಹೋಗಿದ್ದೆ. ಅಕ್ಕನ ಮಗ ಪಡಸಾಲೆಯಲ್ಲಿ ಕೂತು ಎರಡು ಟವೆಲ್ ತರಿಸಿಕೊಂಡ. ಒಂದನ್ನು ಎರಡೂ ಕಡೆಯಿಂದ ಸುತ್ತಿ, ಮಡಚಿ ನಿಲ್ಲಿಸಿದ. ನಾಲ್ಕು ಕಾಲಾಯಿತು. ಇನ್ನೊಂದನ್ನು ಸುತ್ತಿ ಸೊಂಡಿಲು ಮಾಡಿ ಅದರ ಮೇಲೆ ಕೂರಿಸಿದ. ಒಂದು ನಿಮಿಷವೂ ಆಗಲಿಲ್ಲ, ಆನೆ ಸಿದ್ಧ. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವನ ಅಜ್ಜಿ ಮಾತ್ರ ಕೇಳಿದರು: "ಇದ ಕಲಿಯಾಕೆ ಅಮೆರಿಕಾ ಗಂಟ ಹೋಗ್ಬೇಕಿತ್ತೇನ್ಲಾ?"

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಇಳಿಯಲಿಲ್ಲ.

ನಮ್ಮ ಹುಡುಗ ಐಷಾರಾಮಿ ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಕ್ರೂಸ್ ಶಿಪ್ ಅಂತಾರಲ್ಲ, ಅದರಲ್ಲಿ ರೂಮು ನೋಡಿಕೊಳ್ಳುವ ಕೆಲಸ. ಅವನು ಹೊರಟಿದ್ದು 2023ರಲ್ಲಿ. ಆ ವರ್ಷ ಏನಾಯಿತು ಅಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ರೈತರು ಬೀದಿಗಿಳಿದರು. ಹುಡುಗ ಹಡಗು ಹತ್ತಿದ.

ಅಲ್ಲ ಸ್ವಾಮಿ, ಅರಳಗುಪ್ಪೆಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಊರಿನ ಕಲ್ಲೇಶ್ವರ ದೇವಸ್ಥಾನಕ್ಕೆ ಹೋಗಿ ತಲೆ ಎತ್ತಿ ನೋಡಿ. ಗಂಗ–ನೊಳಂಬರ ಕಾಲದ ಚಾವಣಿ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ದೇವತೆಗಳು. ಅವರಲ್ಲಿ ಪಡುವಣಕ್ಕೆ ಒಡೆಯ ವರುಣ, ಸಮುದ್ರದ ದೇವರು. ಈ ಊರು ಸಾವಿರ ವರ್ಷದಿಂದ ನೋಡಿದ ಸಮುದ್ರ ಅಂದರೆ ಅಷ್ಟೇ. ಇನ್ನೊಂದು ನಂಟು ತೆಂಗಿನಕಾಯಿಯದ್ದು. ಕಡಲ ನೀರಲ್ಲಿ ತೇಲಿಕೊಂಡು ಹೋಗಿ ಬೇರೆ ದಡದಲ್ಲಿ ಮೊಳೆಯುವ ಕಾಯಿ ಅದು. ಈಗ ಕಾಯಿ ಬೆಳೆಯುವವರ ಮನೆ ಹುಡುಗರೂ ಹಾಗೇ ಹೊರಟಿದ್ದಾರೆ. ಅದಕ್ಕೇ ಈ ಹಡಗು ಅಂದರೇನು, ಅದರೊಳಗಿನ ಚಾಕರಿ ಹೇಗೆ ಬದಲಾಗುತ್ತಾ ಬಂತು ಅನ್ನೋದನ್ನು ಹೇಳಬೇಕು ಅನ್ನಿಸಿತು.

ಒಂದು ಕಾಲಕ್ಕೆ ಹಡಗು ಅಂದರೆ ಬಸ್ಸು. ಊರಿಂದ ಊರಿಗೆ ಹೋಗುವುದಕ್ಕೆ, ಅಷ್ಟೇ. 1888ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಮುಂಬೈಯಿಂದ ಲಂಡನ್ನಿಗೆ ಹಡಗು ಹತ್ತಿದರು. ಕಡಲು ದಾಟಲು ಹೊರಟಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದರು. ಹಡಗಿನೊಳಗೆ ಇನ್ನೊಂದು ಪಾಡು. ಚಮಚ–ಫೋರ್ಕು ಹಿಡಿಯಲು ಬರದು. ಯಾವುದರಲ್ಲಿ ಮಾಂಸ ಇಲ್ಲ ಅಂತ ಬಡಿಸುವವನನ್ನು ಕೇಳಲು ಧೈರ್ಯ ಸಾಲದು. ಊಟದ ಮೇಜಿನ ಕಡೆಗೇ ಹೋಗದೆ, ಮನೆಯಿಂದ ತಂದ ಸಿಹಿ, ಹಣ್ಣು ತಿಂದುಕೊಂಡು ಕ್ಯಾಬಿನ್ನಿನಲ್ಲೇ ಕೂತರು. ಹತ್ತು ವರ್ಷದ ನಂತರ, 1898ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿದ್ದೂ ಹಡಗಿನಲ್ಲೇ.

ಆ ಕಾಲದ ಬ್ರಿಟಿಷ್ ಹಡಗುಗಳಲ್ಲಿ ಬಡಿಸುತ್ತಿದ್ದವರು ಯಾರು ಗೊತ್ತಾ? ಪಿ ಅಂಡ್ ಓ ಕಂಪನಿಯ ಹಡಗುಗಳ ಊಟದ ಮನೆಯಲ್ಲಿ, ಅಡುಗೆ ಮನೆಯಲ್ಲಿ ಗೋವೆಯ ಹುಡುಗರು. ಕೆಳಗೆ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುತ್ತಿದ್ದವರು ಲಸ್ಕರ್ ಅಂತ ಕರೆಸಿಕೊಳ್ಳುತ್ತಿದ್ದ ಭಾರತದ ಕೂಲಿಗಳು. ಮೇಲೆ ಕೂತು ಉಣ್ಣುವವರು ದೊರೆಗಳು. ಬಡಿಸುವವರು, ಬೆಂಕಿ ಹಾಕುವವರು ನಮ್ಮವರು.

ಪ್ರಯಾಣಿಕರಲ್ಲೂ ಎಲ್ಲರೂ ಒಂದೇ ಅಲ್ಲ. 1912ರ ಟೈಟಾನಿಕ್ ನೋಡಿ. ಮೊದಲ ದರ್ಜೆಯವರಿಗೆ ಈಜುಕೊಳ, ಹಬೆ ಸ್ನಾನದ ಮನೆ. ಮೂರನೇ ದರ್ಜೆಯಲ್ಲಿ 700ಕ್ಕೂ ಹೆಚ್ಚು ಜನ, ಅವರಿಗೆಲ್ಲ ಸೇರಿ ಸ್ನಾನದ ತೊಟ್ಟಿ ಎರಡು. ಗಂಡಸರಿಗೊಂದು, ಹೆಂಗಸರಿಗೊಂದು.

ಸುಮ್ಮನೆ ಸುತ್ತಾಡಲು ಹಡಗು ಹತ್ತುವುದು ಶುರುವಾದ ಕಥೆಯಲ್ಲಿ ಒಂದು ವ್ಯಾಪಾರಿ ಬುದ್ಧಿ ಇದೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗುಗಳು ಖಾಲಿ ನಿಲ್ಲುತ್ತಿದ್ದವು. ಜರ್ಮನಿಯ ಆಲ್ಬರ್ಟ್ ಬಾಲಿನ್ ಅನ್ನುವವನು 1891ರ ಜನವರಿಯಲ್ಲಿ ಅಂಥದ್ದೊಂದು ಹಡಗಿಗೆ ಶ್ರೀಮಂತರನ್ನು ತುಂಬಿಕೊಂಡು ಮೆಡಿಟರೇನಿಯನ್ ಸಮುದ್ರ ಸುತ್ತಿಸಿಕೊಂಡು ಬಂದ. ಲಾಭ ಕಂಡಿತು. 1900ರಲ್ಲಿ ವಿಹಾರಕ್ಕೆಂದೇ ಒಂದು ಹಡಗು ಕಟ್ಟಿಸಿದ. ಆದರೂ ಅದು ಸಿರಿವಂತರ ಆಟವಾಗಿಯೇ ಉಳಿಯಿತು.

ಆಟ ಬದಲಾಗಿದ್ದು 1958ರ ಅಕ್ಟೋಬರ್‌ನಲ್ಲಿ. ಅಟ್ಲಾಂಟಿಕ್ ಮೇಲೆ ಪ್ರಯಾಣಿಕರ ಜೆಟ್ ವಿಮಾನ ಹಾರಿತು. ಹಡಗಿಗೆ ಐದು ದಿನ ಹಿಡಿಯುತ್ತಿದ್ದ ದಾರಿ ಗಂಟೆಗಳ ಲೆಕ್ಕಕ್ಕೆ ಬಂತು. ಇನ್ನು ಹಡಗು ಯಾರಿಗೆ ಬೇಕು? ಹಲವು ಹಡಗುಗಳು ಗುಜರಿಗೆ ಹೋದವು. ಉಳಿದವುಗಳ ಮಾಲೀಕರು ಹೊಸ ಉಪಾಯ ಹುಡುಕಿದರು. ಊರು ಸೇರಿಸುವುದು ಬೇಡ, ಹಡಗನ್ನೇ ಊರು ಮಾಡೋಣ! ಹೊರಟ ಬಂದರಿಗೇ ವಾರ ಬಿಟ್ಟು ವಾಪಸ್ ತಂದುಬಿಡೋಣ. 1970ರ ದಶಕದಲ್ಲಿ ಅಮೆರಿಕದ ಮಯಾಮಿ ಈ ಧಂದೆಯ ರಾಜಧಾನಿಯಾಯಿತು. ಕಾರ್ನಿವಲ್ ಕಂಪನಿ 1972ರಲ್ಲಿ ಶುರುವಾಗಿದ್ದೇ ಒಂದು ಹಳೇ ಪ್ರಯಾಣಿಕ ಹಡಗಿನಿಂದ. ಅದು ಮೊದಲ ಯಾನದಲ್ಲೇ ಮಯಾಮಿ ಬಳಿ ಮರಳಲ್ಲಿ ಸಿಕ್ಕಿಹಾಕಿಕೊಂಡಿತ್ತು. 1977ರಲ್ಲಿ ಅಮೆರಿಕದ ಟಿವಿಯಲ್ಲಿ 'ದಿ ಲವ್ ಬೋಟ್' ಧಾರಾವಾಹಿ ಬಂತು ನೋಡಿ, ಅಲ್ಲಿನ ಮಧ್ಯಮ ವರ್ಗಕ್ಕೆ ಹಡಗಿನ ಹುಚ್ಚು ಹಿಡಿಯಿತು. ಟಿವಿಯವರಾದ ನಾವು ಎಂಥೆಂಥ ಹುಚ್ಚು ಹಿಡಿಸಬಲ್ಲೆವು ಅನ್ನೋದಕ್ಕೆ ಇದೂ ಒಂದು ಸಾಕ್ಷಿ.

ಇವತ್ತಿಗೆ ಬನ್ನಿ. 2024ರಲ್ಲಿ ಯಾನ ಶುರು ಮಾಡಿದ 'ಐಕಾನ್ ಆಫ್ ದ ಸೀಸ್' ಗಾತ್ರದಲ್ಲಿ ಟೈಟಾನಿಕ್‌ನ ಐದು ಪಟ್ಟಿಗಿಂತ ಹೆಚ್ಚು. 20 ಅಂತಸ್ತು, 365 ಮೀಟರ್ ಉದ್ದ. ತುಂಬಿದರೆ 7,600 ಪ್ರಯಾಣಿಕರು, ಜೊತೆಗೆ 2,350 ಸಿಬ್ಬಂದಿ. ಅಂದರೆ ಹತ್ತಿರ ಹತ್ತಿರ ಹತ್ತು ಸಾವಿರ ಜನ! ಹೋಬಳಿ ಕೇಂದ್ರವೇ ನೀರ ಮೇಲೆ ತೇಲಿದ ಹಾಗೆ.

ಟಿಕೆಟ್ ಮಾತ್ರ ಅಗ್ಗ. ದೊಡ್ಡ ಹಡಗುಗಳಲ್ಲೂ ವಾರಕ್ಕೆ ಕೆಲವು ನೂರು ಡಾಲರಿಗೆ ಒಳಗಿನ ಕ್ಯಾಬಿನ್ ಸಿಗುವುದುಂಟು. ಹೇಗೆ ಗಿಟ್ಟುತ್ತದೆ? ಮೊದಲನೆಯದು, ಹತ್ತಿದ ಮೇಲಿನ ಖರ್ಚು. ಮದ್ಯ, ಕ್ಯಾಸಿನೊ, ಮಸಾಜು, ವೈಫೈ, ದಡಕ್ಕಿಳಿದರೆ ಟೂರು, ಎಲ್ಲಕ್ಕೂ ಬೇರೆ ದುಡ್ಡು. ಎರಡನೆಯದು, ಬಾವುಟ. ಈ ಐಕಾನ್ ಹಡಗನ್ನು ಕಟ್ಟಿದ್ದು ಫಿನ್ಲೆಂಡಿನಲ್ಲಿ. ಕಂಪನಿಯ ಕಚೇರಿ ಮಯಾಮಿಯಲ್ಲಿ, ಕಂಪನಿ ನೋಂದಣಿ ಲೈಬೀರಿಯಾದಲ್ಲಿ, ಹಡಗಿನ ಮೇಲೆ ಹಾರುವ ಬಾವುಟ ಬಹಾಮಾಸ್ ದೇಶದ್ದು. ಯಾವ ದೇಶದ ಬಾವುಟವೋ ಹಡಗಿನೊಳಗೆ ಆ ದೇಶದ ಕಾನೂನು. ಹೀಗಾಗಿ ಬಂದರು ಅಮೆರಿಕದ್ದಾದರೂ ಅಮೆರಿಕದ ಕೂಲಿ ದರ ಕೊಡಬೇಕಾಗಿಲ್ಲ. ಫಿಲಿಪೈನ್ಸ್, ಇಂಡೊನೇಷ್ಯಾ, ಭಾರತದ ಹುಡುಗರು ಸಿಗುತ್ತಾರಲ್ಲ!

ಒಳಗಿನ ಸೇವೆಯೂ ಬದಲಾಯಿತು. ಹಿಂದೆ ರಾತ್ರಿ ಊಟಕ್ಕೆ ಎರಡು ಪಂಕ್ತಿ. ನಿಮ್ಮದು ಯಾವ ಪಂಕ್ತಿ, ಯಾವ ಮೇಜು ಅಂತ ಮೊದಲೇ ಗೊತ್ತು. ವಾರವೆಲ್ಲ ಬಡಿಸುವವನೂ ಒಬ್ಬನೇ. ಮೂರನೇ ದಿನಕ್ಕೆ ನಿಮ್ಮ ಹೆಸರು, ನಿಮಗೆ ಏನು ಸೇರುತ್ತದೆ ಎಲ್ಲ ಅವನಿಗೆ ಬಾಯಿಪಾಠ. ಕೊನೆಯ ರಾತ್ರಿ ಲಕೋಟೆಯಲ್ಲಿ ದುಡ್ಡಿಟ್ಟು ಕೈಗೆ ಕೊಟ್ಟು, ಬೆನ್ನು ತಟ್ಟಿ ಬರುತ್ತಿದ್ದರು. 2000ದ ಸುಮಾರಿಗೆ ನಾರ್ವೀಜಿಯನ್ ಕಂಪನಿ ಪಂಕ್ತಿ ಮುರಿಯಿತು. ಯಾವಾಗ ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ತಿನ್ನಿ! ಉಳಿದವರೂ ಹಿಂದೆ ಬಂದರು. ಈಗ ಆರ್ಡರ್ ಮೊಬೈಲ್ ಆ್ಯಪ್‌ನಲ್ಲಿ. ಟಿಪ್ಸ್ ಕೂಡ ದಿನಕ್ಕೆ ತಲೆಗೆ 15ರಿಂದ 20 ಡಾಲರ್ ಅಂತ ತಾನಾಗಿ ಬಿಲ್ಲಿಗೆ ಸೇರುತ್ತದೆ. ದಿನಕ್ಕೆರಡು ಸಲ ರೂಮು ಒಪ್ಪ ಮಾಡುತ್ತಿದ್ದುದನ್ನು ಕೋವಿಡ್ ನಂತರ ಹಲವು ಕಂಪನಿಗಳು ಒಂದು ಸಲಕ್ಕೆ ಇಳಿಸಿದವು.

"ಹಂಗಾದ್ರೆ ನಿನಗೆ ಕೆಲಸ ಅರ್ಧ ಕಮ್ಮಿ ಆಯ್ತಲ್ಲೋ" ಅಂದೆ.

"ಎಲ್ಲಿ ಕಮ್ಮಿ ಮಾವ! ಒಂದೊತ್ತು ಕಮ್ಮಿ ಮಾಡಿ ರೂಮು ಜಾಸ್ತಿ ಮಾಡುದ್ರು" ಅಂದ.

ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಹಳಬರು ಇಳಿದು ಹೊಸಬರು ಹತ್ತುವ ದಿನ ಬೆಳಗಿಂದ ಮಧ್ಯಾಹ್ನದೊಳಗೆ ಎಲ್ಲ ಹಾಸಿಗೆಯೂ ಬದಲಾಗಬೇಕು. ಅವನ ಸ್ವಂತ ರೂಮು ಕೆಳಗಿನ ಅಂತಸ್ತಿನಲ್ಲಿ, ಇಬ್ಬರಿಗೆ ಒಂದು, ಕಿಟಕಿ ಇಲ್ಲ. ಸಿಬ್ಬಂದಿ ಓಡಾಡುವ ಉದ್ದನೆ ಓಣಿಗೆ 'ಐ-95' ಅಂತ ಅಡ್ಡಹೆಸರು, ಅದು ಅಮೆರಿಕದ ಒಂದು ಹೆದ್ದಾರಿಯ ನಂಬರ್. "ಸಮುದ್ರ ಹೆಂಗೈತೋ?" ಅಂತ ಅಜ್ಜಿ ಕೇಳಿದರೆ ಹುಡುಗ ಯೋಚನೆ ಮಾಡಿ ಹೇಳಿದ, "ನೋಡಾಕೆ ಟೈಮೇ ಸಿಗಲ್ಲ ಅಜ್ಜಿ." ಎಲ್ಲ ಸೇರಿ ತಿಂಗಳಿಗೆ ಲಕ್ಷದ ಆಸುಪಾಸು ಬರುತ್ತದೆ. ಊಟ, ವಸತಿ ಖರ್ಚಿಲ್ಲ. ಅಕ್ಕನ ಮನೆಯ ಬೋರ್‌ವೆಲ್ ಸಾಲ ತೀರಿದ್ದು ಆ ದುಡ್ಡಿನಲ್ಲೇ. ಅದನ್ನೂ ಹೇಳಬೇಕು, ಹೇಳದಿದ್ದರೆ ತಪ್ಪಾಗುತ್ತದೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2020ರ ಫೆಬ್ರವರಿ, ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗು ನಿಂತಿತ್ತು. ಒಳಗೆ 3,711 ಜನ, ಅವರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೊನಾ. ನಾವು ಟಿವಿಯಲ್ಲಿ ದಿನಗಟ್ಟಲೆ ತೋರಿಸಿದೆವು. ಪ್ರಯಾಣಿಕರನ್ನು ರೂಮಿನಿಂದ ಹೊರಗೆ ಬಿಡುತ್ತಿಲ್ಲ ಅಂತ ನಾನೇ ಗಂಟಲು ಹರಿಯುವಂತೆ ಹೇಳಿದೆ. ಆ ರೂಮುಗಳ ಬಾಗಿಲಿಗೆ ಮೂರು ಹೊತ್ತು ಊಟ ತಲುಪಿಸುತ್ತಿದ್ದವರು ಯಾರು? ಆ ಹಡಗಿನಲ್ಲಿದ್ದ ಭಾರತೀಯರು 138 ಜನ, ಅದರಲ್ಲಿ 132 ಮಂದಿ ಸಿಬ್ಬಂದಿ! ಆ ಲೆಕ್ಕವನ್ನು ನಾನು ಓದಿದೆ, ಅರ್ಥ ಮಾಡಿಕೊಳ್ಳಲಿಲ್ಲ. ನಮ್ಮದೇ ಹುಡುಗ ಹಡಗು ಹತ್ತಿದ ಮೇಲೆ ಅರ್ಥವಾಯಿತು.

ನಮ್ಮ ಮಂಗಳೂರಿಗೂ ಇಂಥ ಹಡಗು ಬರುತ್ತವೆ. ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿಯರು ಬಂದಿಳಿಯುತ್ತಾರೆ. ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗಿನಲ್ಲಿ ಈಗ ಜೈನರ ಊಟವೂ ಸಿಗುತ್ತದೆ. ಗಾಂಧೀಜಿ ಹಸಿದು ಕೂತ ಕಾಲದಿಂದ ಇಲ್ಲಿಗೆ! ಉಣ್ಣುವ ಮೇಜಿಗೆ ನಾವೂ ಬಂದಿದ್ದೇವೆ, ಸಂತೋಷ. ಆದರೆ ನೂರು ವರ್ಷದಲ್ಲಿ ಹಡಗು ಬದಲಾಯಿತು, ಪ್ರಯಾಣಿಕ ಬದಲಾದ, ಊಟ ಬದಲಾಯಿತು. ಬಡಿಸುವವನು ಮಲಗುವ ಜಾಗ ಮಾತ್ರ ಕೆಳಗೇ ಉಳಿಯಿತು.

ಏನೂ ಸುಧಾರಿಸಿಲ್ಲ ಅಂತಲ್ಲ. 2006ರಲ್ಲಿ ಕಡಲ ಕಾರ್ಮಿಕರ ಒಪ್ಪಂದ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. 2013ರಿಂದ ಜಾರಿಯಲ್ಲಿದೆ. ಭಾರತ 2015ರಲ್ಲಿ ಒಪ್ಪಿಕೊಂಡಿತು. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇದರಲ್ಲಿ ಮೂರು ಮಾತು ನೆನಪಿಡಿ. ಒಂದು, ಕೆಲಸ ಕೊಡಿಸಿದ್ದಕ್ಕೆ ಏಜೆಂಟ್ ಹುಡುಗನ ಹತ್ತಿರ ದುಡ್ಡು ಕೇಳುವ ಹಾಗಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪರೀಕ್ಷೆ, ಸಿಡಿಸಿ ಅನ್ನುವ ನಾವಿಕರ ಪುಸ್ತಕ, ಇಂಥವಕ್ಕೆ ನೀವು ಖರ್ಚು ಮಾಡಬೇಕಾಗಬಹುದು. ಕೆಲಸಕ್ಕೆಂದೇ ಕಮಿಷನ್ ಇಲ್ಲ. ಎರಡು, ಏಜೆಂಟ್‌ಗೆ ಕೇಂದ್ರದ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ನಿರ್ದೇಶನಾಲಯದ ವೆಬ್‌ಸೈಟಿನಲ್ಲಿ ಹೆಸರು ಇದೆಯಾ ನೋಡಿ. ಮೂರು, ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಅನ್ನುವುದು ಒಪ್ಪಂದದ ಅಳತೆ. ಕಾಗದದಲ್ಲಿ ಬರೆಯುವ ಗಂಟೆಯೂ ದುಡಿದ ಗಂಟೆಯೂ ಒಂದೇನಾ ಅಂತ ಹುಡುಗನನ್ನು ಕೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಹುಡುಗನ ಗೆಳೆಯನೊಬ್ಬ ಏಜೆಂಟ್ ಒಬ್ಬನಿಗೆ ಮೂರು ಲಕ್ಷ ಕೊಟ್ಟ. ಅಮ್ಮನ ಬಂಗಾರ ಅಡವಿಟ್ಟ ದುಡ್ಡು. ಹಡಗೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಏಜೆಂಟ್‌ನ ಫೋನ್ ಸ್ವಿಚ್ ಆಫ್.

ಹಬ್ಬ ಮುಗಿದ ದಿನ ಭಾವ ಅಟ್ಟ ಹತ್ತಿದರು. ಕೊಬ್ಬರಿ ಆಗಲು ಕಾಯಿ ಎಂಟು, ಹತ್ತು ತಿಂಗಳು ಅಟ್ಟದ ಕತ್ತಲಲ್ಲಿ ಕೂರಬೇಕು. ಒಂದು ಕಾಯಿ ಕೈಗೆತ್ತಿಕೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗುಂಡು ಗಡಗಡ ಅಂದರೆ ಆಯಿತು ಅಂತ ಲೆಕ್ಕ. ಇವನ ಕರಾರೂ ಒಂಬತ್ತು ತಿಂಗಳು. 2023ರಲ್ಲಿ ಎಂಟು ಸಾವಿರಕ್ಕೆ ಬಿದ್ದಿದ್ದ ಕೊಬ್ಬರಿ 2025ರಲ್ಲಿ 25 ಸಾವಿರ ದಾಟಿದ್ದನ್ನೂ ನೋಡಿದೆವು. ಈಗ ಬೆಲೆ ಇದೆ, ಕಾಯಿ ಕೆಡವಲು ಆಳಿಲ್ಲ, ಮಗ ಹಡಗಿನಲ್ಲಿ.

"ಇನ್ನೊಂದ್ ಸಾರಿ ಕಳ್ಸಾನಾ ಬ್ಯಾಡ್ವಾ? ನೀನೇ ಹೇಳಪ್ಪ" ಅಂದಳು ಅಕ್ಕ. ಟಿವಿಯಲ್ಲಿ ಕೂತು ದೇಶಕ್ಕೆಲ್ಲ ಬುದ್ಧಿ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ. ಹುಡುಗನೇ ಹೇಳಿದ: "ಇದೊಂದ್ ಸಾರಿ ಹೋಗ್ ಬತ್ತೀನಿ ಮಾವ. ಬೆಲೆ ಹಿಂಗೇ ಇದ್ರೆ ತೋಟಕ್ಕೆ ನಿಂತ್ಕೊತೀನಿ. ಬಿದ್ರೆ ಗೊತ್ತೈತಲ್ಲ."

ಅವನು ಹೋಗಿ ಮೂರು ವಾರವಾಯಿತು. ಅಜ್ಜಿ ಆ ಟವೆಲ್ ಆನೆಯನ್ನು ಬಿಚ್ಚೋಕೆ ಬಿಟ್ಟಿಲ್ಲವಂತೆ. ನಿಮ್ಮಲ್ಲಿ ಯಾರಾದರೂ ಹಡಗಿನ ಪ್ರವಾಸಕ್ಕೆ ಹೋದರೆ, ಹಾಸಿಗೆ ಮೇಲೆ ಅಂಥದ್ದೊಂದು ಆನೆ ಕೂತಿರುತ್ತದೆ. ಫೋಟೋ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಅದನ್ನು ಮಾಡಿದವನನ್ನು ಹುಡುಕಿ, ಯಾವ ಊರಪ್ಪ ನಿಂದು ಅಂತ ಒಂದು ಮಾತು ಕೇಳಿ.